ಗಿರಣಿ ಅನುಸೂಯಾ ಕೇಳದೆ ಬಿಟ್ಟ ಪ್ರಶ್ನೆ

ಪುಣೆಯ ಬಿಬವೇವಾಡಿಯಲ್ಲಿ ಹದಿನೇಳು ವರ್ಷ ಹಿಟ್ಟಿನ ಗಿರಣಿ ನಡೆಸಿದ ಅನುಸೂಯಾ 2008ರ ಆಷಾಢದಲ್ಲಿ ತೀರಿಕೊಂಡಳು. ನಲವತ್ತಾರು ವಯಸ್ಸು. ಬೆಳಿಗ್ಗೆ ಎದೆ ಹಿಡಿದಂತಾಗುತ್ತಿದೆ ಎಂದಳು. ರಿಕ್ಷಾ ಆಸ್ಪತ್ರೆಯ ಗೇಟು ಮುಟ್ಟುವ ಹೊತ್ತಿಗೆ ಉಸಿರು ನಿಂತಿತ್ತು. ಮಣ್ಣಿಗೆ ಬಂದವರೆಲ್ಲ ಒಳ್ಳೆಯವಳಿದ್ದಳು ಎಂದರು. ಆ ಮಾತು ಸುಳ್ಳಲ್ಲ, ಆದರೆ ಅವಳ ಅಳತೆಗೆ ಸಾಲುವುದಿಲ್ಲ. ಅವಳು ಜಗಳಕ್ಕೆ ಹಿಂದೆಗೆದವಳಲ್ಲ. ತನಗೆ ಗೊತ್ತಿದೆ ಎಂದುಕೊಂಡ ವಿಷಯದಲ್ಲಿ ಬೇರೆಯವರ ಮಾತು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ತಪ್ಪಾಯಿತೆಂದು ತಿಳಿದ ದಿನ ಮಾತ್ರ ಊಟ ಬಿಟ್ಟು ಅದನ್ನು ಸರಿಪಡಿಸಲು ಹೊರಡುತ್ತಿದ್ದಳು. ಅಂಥ ಒಂದು ತಪ್ಪಿನ ಸಂಗತಿ ಹೇಳಿದರೆ ಅವಳು ಎಂಥವಳೆಂದು ನೋಡದವರಿಗೂ ತಿಳಿದೀತು.

ಇಳಕಲ್ಲಿನ ಹುಡುಗಿ ಅವಳು. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಸದಾನಂದನ ಕೈಹಿಡಿದು ಪುಣೆಗೆ ಬಂದಳು. 1991ರಲ್ಲಿ ಮನೆಯ ಕೆಳಗಿನ ಖೋಲಿಯಲ್ಲಿ ಗಿರಣಿ ಹಾಕಿದರು. ಗುಡ್ಡದ ಇಳಿಜಾರಿನಲ್ಲಿ ಸುರಪುರ, ಶಹಾಪುರ ಕಡೆಯಿಂದ ಬಂದ ಗೌಂಡಿಗಳು, ಕೂಲಿಯವರು ತಗಡಿನ ಮನೆ ಕಟ್ಟಿಕೊಂಡಿದ್ದರು. ಸುತ್ತಲಿನ ಮರಾಠಿ ಗಿರಣಿಗಳಲ್ಲಿ ಗೋಧಿಯದೇ ದೊಡ್ಡಸ್ತಿಕೆ. ಜೋಳದ ಡಬ್ಬಿ ತಂದವರು ಕಾಯುತ್ತ ನಿಲ್ಲಬೇಕಿತ್ತು. ಅನುಸೂಯಾ ಜೋಳಕ್ಕೆಂದೇ ಒಂದು ಕಲ್ಲು ಬೇರೆ ಇಟ್ಟಳು. ಕನ್ನಡದಲ್ಲಿ ಮಾತಾಡಿಸುವ ಗಿರಣಿ ಒಂದಿದೆ ಎಂದು ಇಳಿಜಾರಿನ ಹೆಂಗಸರೆಲ್ಲ ಅಲ್ಲಿಗೇ ಬರತೊಡಗಿದರು. ಅವಳು ಎಲ್ಲರಿಗೂ ‘ಗಿರಣಿ ಅಕ್ಕಾರು’ ಆದಳು.

ಎರಡು ಹೆಣ್ಣುಮಕ್ಕಳಾದ ಮೇಲೆ ಅವಳೇ ಗರ್ಭತಡೆಯ ಗುಳಿಗೆ ಶುರುಮಾಡಿದ್ದಳು. ಕೊಟ್ಟವಳು ಮಹಾನಗರಪಾಲಿಕೆಯ ದವಾಖಾನೆಯ ನರ್ಸ್ ನೀತಾ. ಸೊಲ್ಲಾಪುರದ ಕನ್ನಡದವಳು. ಪಾಕೀಟಿನಲ್ಲಿ ಇಪ್ಪತ್ತೊಂದು ಬಿಳಿ ಗುಳಿಗೆ, ಏಳು ಕಂದು ಗುಳಿಗೆ. ಬಿಳಿಯವು ಬಸಿರು ತಡೆಯುತ್ತವೆ, ಕಂದು ಬರೀ ಕಬ್ಬಿಣದ ಅಂಶ, ದಿನಕ್ಕೊಂದು ತಪ್ಪದೆ ನುಂಗಬೇಕು ಎಂದು ನೀತಾ ಹೇಳಿಕೊಟ್ಟಿದ್ದಳು. ಅನುಸೂಯಾ ತಪ್ಪದೆ ನುಂಗಿದಳು, ಶ್ರಾವಣ ಬರುವವರೆಗೆ. ಶ್ರಾವಣದಲ್ಲಿ ಅವಳದು ಸೋಮವಾರಕ್ಕೊಂದು, ಶನಿವಾರಕ್ಕೊಂದು ಉಪವಾಸ, ಮರುದಿನ ಸ್ನಾನವಾಗುವ ತನಕ ನೀರು ಬಿಟ್ಟು ಬೇರೇನೂ ಗಂಟಲಿಗೆ ಇಳಿಯುವಂತಿಲ್ಲ. ಗುಳಿಗೆಯೂ ನುಂಗುವ ವಸ್ತುವೇ ತಾನೆ ಎಂದು ಆ ದಿನಗಳ ಗುಳಿಗೆ ಬಿಟ್ಟಳು. ಬಿಟ್ಟದ್ದನ್ನು ಯಾರಿಗೂ ಹೇಳಬೇಕೆನಿಸಲಿಲ್ಲ. ದಸರೆಯ ಹೊತ್ತಿಗೆ ವಾಂತಿ ಶುರುವಾಯಿತು.

ಶ್ರಾವಣದ ಪಾಕೀಟು ನೋಡಿದ ನೀತಾ ಹಣೆಗೆ ಕೈ ಹಚ್ಚಿಕೊಂಡಳು.

“ವಾರಕ್ಕ ಎರಡ ನುಂಗದ ಹಂಗ ಬಿಟ್ಟೀರಿ. ಯಾಕ್ರಿ?”

“ಉಪಾಸ ಇತ್ರಿ ಸಿಸ್ಟರ್.”

“ಉಪಾಸ ನಿಮಗ ಇತ್ತು. ನಿಮ್ಮ ಯಜಮಾನ್ರಿಗೂ ಇತ್ತೇನು?”

ಅನುಸೂಯಾ ನಾಚಿ ನೆಲ ನೋಡಿದಳು. ಮರುವರ್ಷ ಮಗ ಹುಟ್ಟಿದ. ಪ್ರೇಮಕುಮಾರ ಎಂದು ಹೆಸರಿಟ್ಟರೂ ಸದಾನಂದ ಅವನನ್ನು “ಬಾರೋ ಶ್ರಾವಣದ ಪ್ರಸಾದ” ಎಂದೇ ಕರೆಯುತ್ತಿದ್ದ. ಮಗುವಿಗೆ ವರ್ಷ ತುಂಬುವುದರೊಳಗೆ ಸದಾನಂದ ತಾನೇ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದ. ಅನುಸೂಯಾಗೆ ಇನ್ನು ಗುಳಿಗೆಯ ಗೊಡವೆ ಇರಲಿಲ್ಲ. ಆದರೂ ಗೊಡವೆ ಬಿಡಲಾರದವಳು ಅವಳು. ತನ್ನಂತೆ ಉಪವಾಸಕ್ಕೆ ಗುಳಿಗೆ ಬಿಡುವವರು ಇಳಿಜಾರಿನಲ್ಲಿ ಎಷ್ಟು ಜನವೋ ಎಂದು ವಿಚಾರಿಸಿದಳು. ಐದು ಜನ ಸಿಕ್ಕರು. ಒಬ್ಬಳು ಗಂಡ ಊರಿಗೆ ಹೋದ ದಿನಗಳಲ್ಲಿ ಬಿಡುತ್ತಿದ್ದಳು. ಇನ್ನೊಬ್ಬಳು ಕಂದು ಗುಳಿಗೆ ಶಕ್ತಿಗೆ ಒಳ್ಳೆಯದೆಂದು ಅದನ್ನೇ ಮೊದಲು ನುಂಗಿ ಮುಗಿಸುತ್ತಿದ್ದಳು.

ಅನುಸೂಯಾ ದವಾಖಾನೆಗೆ ಹೋಗಿ ನೀತಾಳ ಎದುರು ಕುಳಿತಳು. “ಪಾಕೀಟ ನನ್ನ ಗಿರಣ್ಯಾಗ ಇಡ್ರಿ. ನೀವು ತಿಂಗಳಿಗೊಮ್ಮೆ ಬಂದು ನೋಡ್ರಿ. ದಿನಾ ನೋಡೂ ಕೆಲಸ ನಂದು.”

ಹೀಗೆ 1996ರಿಂದ ಗಿರಣಿಯ ಗೋಡೆಯ ಮಾಡದಲ್ಲಿ, ಅರಿಶಿನದ ಡಬ್ಬಿಯ ಪಕ್ಕ, ಗುಳಿಗೆಯ ಡಬ್ಬಿ ಬಂತು. ಪ್ರತಿ ತಿಂಗಳ ಮೊದಲ ಶುಕ್ರವಾರ ನೀತಾ ಬಂದು ಹೆಂಗಸರ ಬಿಪಿ ನೋಡುತ್ತಿದ್ದಳು. ಉಳಿದ ದಿನಗಳಲ್ಲಿ ಅನುಸೂಯಾಳದೇ ಆಡಳಿತ. ಕೂಲಿಯ ಹೆಂಗಸರ ಮನೆಯಲ್ಲಿ ಗಡಿಯಾರವಿಲ್ಲ, ಇದ್ದರೂ ನೋಡುವ ರೂಢಿಯಿಲ್ಲ. ಸಂಜೆ ಮೊದಲ ರೊಟ್ಟಿ ಹಂಚಿಗೆ ಬೀಳುವ ಮೊದಲು ಗುಳಿಗೆ ಬಾಯಿಗೆ ಬೀಳಬೇಕು ಎಂಬ ಕಟ್ಟಳೆ ಅವಳು ಹಾಕಿದ್ದು. ತನಗೆ ಉಪವಾಸವಿದ್ದರೂ ಮಕ್ಕಳಿಗೆ ರೊಟ್ಟಿ ಬಡಿಯಲೇಬೇಕಲ್ಲ, ಹಾಗಾಗಿ ರೊಟ್ಟಿ ತಪ್ಪುವ ದಿನವೇ ಇಲ್ಲ. ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗು, ಅಂದಿನದನ್ನು ಅದರ ಹೊತ್ತಿಗೇ ನುಂಗು. ಎರಡು ದಿನ ಮರೆತೆಯೋ, ನುಂಗುವುದನ್ನು ಮುಂದುವರಿಸಿ ನನ್ನ ಹತ್ತಿರ ಓಡಿ ಬಾ, ಏಳು ದಿನ ನಿರೋಧ ಇಲ್ಲದೆ ಗಂಡನ ಮಗ್ಗುಲಿಗೆ ಹೋಗಬೇಡ. ಇದಿಷ್ಟನ್ನೂ ಅವಳು ಹೇಳುತ್ತಿದ್ದುದು ಗಿರಣಿ ಓಡುವಾಗ. ಮೋಟಾರಿನ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚಿ ಆಡಿದ್ದು ಮೂರನೆಯವರಿಗೆ ಕೇಳುತ್ತಿರಲಿಲ್ಲ. ಖಾಸಗಿ ಮಾತಿಗೆ ಅದಕ್ಕಿಂತ ಒಳ್ಳೆಯ ಜಾಗ ಆ ಓಣಿಯಲ್ಲಿ ಇರಲಿಲ್ಲ.

ಕೇಳಿದವರಿಗೆಲ್ಲ ಕೊಡುತ್ತಲೂ ಇರಲಿಲ್ಲ. ವಯಸ್ಸೆಷ್ಟು, ಬೀಡಿ ಸೇದುತ್ತೀಯಾ, ಎದೆಹಾಲು ಕುಡಿಯುವ ಆರು ತಿಂಗಳೊಳಗಿನ ಕೂಸು ಇದೆಯಾ, ಕಣ್ಣ ಮುಂದೆ ಮಿಂಚು ಹೊಡೆದು ಅರ್ಧ ತಲೆ ನೋಯುತ್ತದೆಯಾ, ಮೀನಖಂಡ ಬಾತು ನೋಯುತ್ತದೆಯಾ, ಕಾಮಾಲೆ ಆಗಿತ್ತಾ — ಸಾಲಾಗಿ ಕೇಳುವಳು. ಕೂಲಿಯ ಗುಂಪನ್ನು ಕೆಲಸಕ್ಕೆ ಕಳಿಸುವ ಮುಕಾದಮನ ಹೆಂಡತಿ ಅವ್ವಮ್ಮ ಒಮ್ಮೆ ಜಂಬದಿಂದ ಬಂದು ಪಾಕೀಟು ಕೇಳಿದಳು. ಅವಳಿಗೆ ಮೂವತ್ತೆಂಟು, ದಿನಕ್ಕೊಂದು ಕಟ್ಟು ಬೀಡಿ ಬೇಕು, ಬಿಪಿಯೂ ಮೇಲೆ.

“ನಿನಗ ಕೊಡಂಗಿಲ್ಲ,” ಎಂದಳು ಅನುಸೂಯಾ.

“ಯಾಕ, ನಾ ಏನ್ ಬ್ಯಾರೆ ದೇಶದಾಕೀ?”

“ನಿನ್ನ ವಯಸ್ಸಿಗೆ, ನಿನ್ನ ಬೀಡಿಗೆ, ನಿನ್ನ ಬಿಪಿಗೆ ಈ ಗುಳಗಿ ಕೂಡಿದ್ರ ರಕ್ತ ಹೆಪ್ಪುಗಟ್ಟಿ ಎದಿಗರ ಹೋಗ್ತದ, ತಲಿಗರ ಹೋಗ್ತದ. ತಾಂಬಿ ಹಾಕಿಸ್ಕೋ, ಗರ್ಭದ ಚೀಲದಾಗ ಇಡೂ ಕಾಪರ್-ಟಿ, ಸಿಸ್ಟರ್ ಕರಕೊಂಡ ಹೋಗ್ತಾರ.”

“ಹಿಟ್ಟ ಬೀಸಾಕಿ ಡಾಕ್ಟರ್ ಆಗ್ಯಾಳ ನೋಡ್ರೆವ್ವ,” ಎಂದು ಸಾಲಿನವರಿಗೆಲ್ಲ ಕೇಳುವಂತೆ ಅಂದು ಅವ್ವಮ್ಮ ಹೋದಳು. ಎರಡು ತಿಂಗಳಿಗೆ ತಾಂಬಿಯನ್ನೂ ಹಾಕಿಸಿಕೊಂಡಳು, ಆದರೆ ಆ ಮಾತನ್ನು ಮರೆಯಲಿಲ್ಲ.

ಆರು ವರ್ಷದಲ್ಲಿ ಅನುಸೂಯಾಳ ಗುಳಿಗೆ ನುಂಗಿದ ಯಾರೂ ಬಸಿರಾಗಿರಲಿಲ್ಲ. ಅದು ಅವಳ ಹೆಮ್ಮೆ. ಆ ಹೆಮ್ಮೆಯೇ ಭೀಮವ್ವನ ವಿಷಯದಲ್ಲಿ ಅವಳ ಕಣ್ಣಿಗೆ ಅಡ್ಡ ಬಂತು.

ಭೀಮವ್ವನಿಗೆ ಇಪ್ಪತ್ತಾರು ವಯಸ್ಸು. ಸುರಪುರ ತಾಲೂಕಿನವಳು, ತಲೆಮೇಲೆ ಸಿಮೆಂಟು ಹೊರುವ ಕೆಲಸ. ಗಂಡ ಫಕೀರಪ್ಪ ಕುರಕುಂಭದ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಕಟ್ಟಡದ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಗುರುವಾರ ರಜೆಗೆ ಬರುತ್ತಿದ್ದ. ಇಬ್ಬರು ಮಕ್ಕಳು, ಎರಡೂ ಹೊಟ್ಟೆ ಕೊಯ್ದು ತೆಗೆದವು. ಎರಡನೆಯದರಲ್ಲಿ ಹಳೆಯ ಹೊಲಿಗೆ ಬಿಚ್ಚಿಕೊಳ್ಳುವುದೊಂದು ಬಾಕಿ ಇತ್ತು. ಇನ್ನು ಮೂರು ವರ್ಷ ಬಸಿರು ಆಗಲೇಬಾರದು, ಬಸಿರಾದರೆ ತಾಯಿ ಉಳಿಯುವ ಭರವಸೆ ಕೊಡಲಾಗುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಇನ್ನೊಂದು ಗಂಡಾಗಲಿ ಎಂದು ಅತ್ತೆ ಆಪರೇಷನ್ನಿಗೆ ಒಪ್ಪಿರಲಿಲ್ಲ. ತಾಂಬಿಯೆಂದರೆ ಭೀಮವ್ವನಿಗೆ ಹೆದರಿಕೆ. 2002ರ ಫೆಬ್ರುವರಿಯಲ್ಲಿ, ಚಿಕ್ಕ ಕೂಸಿಗೆ ಹದಿನಾಲ್ಕು ತಿಂಗಳಿದ್ದಾಗ, ಅವಳು ಗಿರಣಿಗೆ ಬಂದಳು. ಅನುಸೂಯಾ ಎಲ್ಲ ಪ್ರಶ್ನೆ ಕೇಳಿದಳು, ನೀತಾ ಬಿಪಿ ನೋಡಿದಳು, ಎಲ್ಲ ಸರಿಯಿತ್ತು. ಭೀಮವ್ವ ಮುಟ್ಟಾದ ದಿನವೇ ಮೊದಲ ಗುಳಿಗೆ ನುಂಗಿದಳು.

ಮೇ ತಿಂಗಳ ಕೊನೆಗೆ ಅವಳು ಹಿಟ್ಟು ಒಯ್ಯುವಾಗ ಸುಮ್ಮನೆ ಕೇಳಿದಂತೆ ಕೇಳಿದಳು.

“ಅಕ್ಕಾರ, ಈ ಗುಳಗಿಗೆ ಒಂದಕ್ಕ ಹೋದ್ರ ಕೇಸರಿ ಬಣ್ಣ ಬರ್ತದೇನ್ರಿ?”

“ಬ್ಯಾಸಿಗ್ಯಾಗ ಸಿಮೆಂಟ ಹೊತ್ತು, ನೀರ ಕುಡೀದಿದ್ರ ಕೇಸರೀನೂ ಬರ್ತದ, ಕುಂಕುಮಾನೂ ಬರ್ತದ. ನೀರ ಕುಡಿ ತಂಗಿ.”

ಸಾಲಿನಲ್ಲಿದ್ದವರು ನಕ್ಕರು. ಭೀಮವ್ವ ಕೂಡ ನಕ್ಕು ಡಬ್ಬಿ ಎತ್ತಿಕೊಂಡು ಹೋದಳು.

ಜೂನ್ ಇಪ್ಪತ್ತರ ಸುಮಾರಿಗೆ ಮತ್ತೆ ಬಂದಳು. ಪಾಕೀಟಿನ ನಡುವೆಯೇ, ಇನ್ನೂ ಬಿಳಿ ಗುಳಿಗೆ ಇರುವಾಗಲೇ ರಕ್ತ ಕಾಣಿಸಿಕೊಂಡಿತ್ತು. ಅನುಸೂಯಾ ಮೋಟಾರು ಹಚ್ಚಿ ಹತ್ತಿರ ಕರೆದಳು.

“ಎಷ್ಟ ದಿನ ಬಿಟ್ಟಿ?”

“ಒಂದೂ ಬಿಟ್ಟಿಲ್ರಿ.”

“ಬಿಡದ ಹಿಂಗ ಆಗಂಗಿಲ್ಲ. ನಾಕ ತಿಂಗಳಾತು, ಇಷ್ಟ ದಿನಾ ಇಲ್ಲದ್ದು ಈಗ ಯಾಕ ಬಂತು?”

“ಮಕ್ಕಳ ಆಣಿ ಅಕ್ಕಾರ.”

“ಮಕ್ಕಳ ಮ್ಯಾಲೆ ಆಣಿ ಇಡಬ್ಯಾಡ. ಪಾಕೀಟ ತೋರಸು.”

ಭೀಮವ್ವ ಸೆರಗಿನಿಂದ ತೆಗೆದು ಕೊಟ್ಟಳು. ಆ ದಿನದವರೆಗಿನ ಗುಳಿಗೆಯೆಲ್ಲ ಸರಿಯಾಗಿ ಖಾಲಿಯಾಗಿದ್ದವು. ಅನುಸೂಯಾ ನಂಬಲಿಲ್ಲ. ಬಿಟ್ಟದ್ದನ್ನು ಒಲೆಗೆ ಹಾಕಿ ಖಾಲಿ ತೋರಿಸಿದವರನ್ನು ಅವಳು ಕಂಡಿದ್ದಳು. “ಇನ್ನ ಮ್ಯಾಲರ ಸರೀ ತಗೋ,” ಎಂದು ಪಾಕೀಟು ಕೈಗಿತ್ತು ಕಳಿಸಿದಳು. ಭೀಮವ್ವ ಏನೋ ಹೇಳಲು ಬಾಯಿ ತೆರೆದು, ಸಾಲಿನ ಕಡೆ ನೋಡಿ, ಮುಚ್ಚಿದಳು. ಅನುಸೂಯಾ ಅದನ್ನು ಕಂಡಳು. ಕಳ್ಳತನ ಸಿಕ್ಕಿಬಿದ್ದವರ ಮುಖ ಹೀಗೇ ಇರುತ್ತದೆ ಎಂದುಕೊಂಡಳು.

ಜುಲೈ ಮೊದಲ ಶುಕ್ರವಾರ ನೀತಾ ಬಂದಾಗ ಭೀಮವ್ವನ ಕಂದು ಗುಳಿಗೆಗಳೂ ಮುಗಿದಿದ್ದವು, ಮುಟ್ಟು ಬಂದಿರಲಿಲ್ಲ. ಬೆಳಿಗ್ಗೆ ನೀರು ಹಿಡಿಯುವಲ್ಲಿ ಅನುಸೂಯಾಗೆ ಅಷ್ಟು ಹೇಳಿ ಅವಳು ಕೆಲಸಕ್ಕೆ ಹೋಗಿದ್ದಳು. ಮುಖ ಬಿಳಿಚಿತ್ತು. ಬಸಿರಾದರೆ ಏನಾಗುತ್ತದೆ ಎಂಬುದು ಅವಳಿಗೂ ಗೊತ್ತು, ಅನುಸೂಯಾಗೂ ಗೊತ್ತು.

“ಗುಳಗಿ ಬಿಟ್ಟಾಳ್ರಿ ಸಿಸ್ಟರ್. ಬಾಯಿ ಬಿಡವಲ್ಲಳು,” ಎಂದಳು ಅನುಸೂಯಾ.

ನೀತಾ ಬಿಪಿ ಪಟ್ಟಿ ಸುತ್ತುತ್ತ ಕೇಳಿದಳು. “ಬಿಟ್ಟಾಳಂತ ನೀವು ಹೇಳ್ತೀರಿ, ಇಲ್ಲ ಅಂತ ಆಕೀ ಹೇಳ್ತಾಳ. ಆಕೀದ ಖರೇ ಅಂತ ಹಿಡೀರಿ. ವಾಂತಿ, ಭೇದಿ ಆಗಿತ್ತೇನು?”

“ಇಲ್ಲ.”

“ಬ್ಯಾರೆ ಔಷಧ ಏನರ ಶುರು ಮಾಡ್ಯಾಳೇನು? ಫಿಟ್ಸಿಂದು, ಟಿಬಿದು?”

“ಔಷಧ ನಮ್ಮ ಗುಳಗಿಗೆ ಏನ ಮಾಡ್ತದ?”

“ಟಿಬಿ ಗುಳಗ್ಯಾಗ ಒಂದು ಕೆಂಪು ಕ್ಯಾಪ್ಸೂಲ್ ಇರ್ತದ. ಅದು ಒಳಗ ಹೋತಂದ್ರ ನಮ್ಮ ಗುಳಗೀನ ಮೈಯಾಗ ನಿಲ್ಲಗೊಡಂಗಿಲ್ಲ, ಲಗೂನ ಕರಗಿಸಿ ಹೊರಗ ಹಾಕ್ತದ. ದಿನಾ ನುಂಗಿದ್ರೂ ಕೆಲಸ ಕೊಡಂಗಿಲ್ಲ. ನಡುವ ರಕ್ತ ಕಾಣಸೂದು ಅದಕ್ಕ. ಅದು ತಗೊಳ್ಳಾವ್ರು ಗೊತ್ತಾಗ್ತಾರ ಬಿಡ್ರಿ, ಒಂದಕ್ಕ ಹೋದ್ರ ಕೇಸರಿ ನೀರು.”

“ಆಕೀ ಕೇಳಿದ್ಳ್ರಿ. ನಾ ನಕ್ಕೆ,” ಎಂದಳು ಅನುಸೂಯಾ. ಅಷ್ಟು ವರ್ಷ ಅವಳು ಕೇಳುತ್ತಿದ್ದ ಸಾಲಿನಲ್ಲಿ ಬೇರೆ ಔಷಧದ ಪ್ರಶ್ನೆಯೇ ಇರಲಿಲ್ಲ. ರೋಗ ಇದ್ದರೆ ಹೇಳುತ್ತಾರೆ ಎಂದುಕೊಂಡಿದ್ದಳು. ಶುರುವಿನಲ್ಲಿ ಕೇಳಿದ್ದನ್ನು ನಡುವೆ ಇನ್ನೊಮ್ಮೆ ಕೇಳಬೇಕೆಂಬುದೂ ಹೊಳೆದಿರಲಿಲ್ಲ.

ಸಂಜೆ ಭೀಮವ್ವ ಡಬ್ಬಿ ತಂದಾಗ ಅನುಸೂಯಾ ಅವಳನ್ನು ಒಳಗೆ ಕರೆದು ಮೋಟಾರು ಹಚ್ಚಿದಳು. ಕಲ್ಲಿಗೆ ಹಾಕಿದ್ದು ಯಾರ ಜೋಳವೋ ಆಗ ಅವಳಿಗೆ ಲಕ್ಷ್ಯವಿರಲಿಲ್ಲ.

“ಟಿಬಿ ಗುಳಗಿ ಯಾವಾಗಿಂದ ನಡದದ?”

ಭೀಮವ್ವ ಗೋಡೆಗೆ ಒರಗಿದಳು. “ಬಸವ ಜಯಂತಿ ಮುಗದ ಮ್ಯಾಲಿಂದ್ರಿ. ಸ್ವಾರಗೇಟ ಹತ್ರ ಕೊಡ್ತಾರ. ಸೋಮವಾರ, ಬುಧವಾರ, ಶುಕ್ರವಾರ. ಅವ್ರ ಮುಂದ ನುಂಗಬೇಕು.”

“ಇಲ್ಲೇ ದವಾಖಾನಿ ಅದ. ಅಷ್ಟ ದೂರ ಯಾಕ?”

“ಇಲ್ಲಿ ಯಾರರ ನೋಡ್ತಾರಲ್ರಿ.”

“ನನಗರ ಹೇಳಬೇಕೋ ಬ್ಯಾಡೋ? ನಾ ಏನ್ ನಿನಗ ಪರಕೀನ?”

ಭೀಮವ್ವ ಗಿರಣಿಯ ಬಾಯಿಯ ಕಡೆ ಕೈ ತೋರಿಸಿದಳು. “ಅದಕ್ಕ ಹೇಳಲಿಲ್ರಿ. ನನ್ನ ಹಿಟ್ಟಿನ ಹಿಂದ ಯಾರ ಬೀಸಸ್ತಾರ? ನೀವ ನನ್ನ ಡಬ್ಬಿ ಹೊರಗ ಇಟ್ರ, ಮಕ್ಕಳಿಗೆ ನಾ ಏನ ಹಾಕಲಿ?”

ಗಿರಣಿಯ ವ್ಯವಹಾರ ಗೊತ್ತಿದ್ದವರಿಗೆ ಆ ಭಯ ಅರ್ಥವಾಗುತ್ತದೆ. ಮುಂದಿನವರ ಹಿಟ್ಟು ಒಂದು ಹಿಡಿಯಷ್ಟಾದರೂ ಕಲ್ಲಿನಲ್ಲಿ, ಚೀಲದಲ್ಲಿ ಉಳಿದು ಹಿಂದಿನವರ ಡಬ್ಬಿಗೆ ಬೀಳುತ್ತದೆ. ಅದಕ್ಕೇ ಸಾಲಿನಲ್ಲಿ ದಿನವೂ ವಾದ. ಸಜ್ಜೆಯ ಹಿಂದೆ ನಾನು ಹಾಕುವುದಿಲ್ಲ, ಹೊಸ ಜೋಳದ ಹಿಂದೆ ಹಳೆಯದು ಬೇಡ ಎನ್ನುವರು. ಮನೆಯಲ್ಲಿ ದಡಾರವಿದ್ದರೆ, ಸೂತಕವಿದ್ದರೆ ಅವರ ಡಬ್ಬಿ ಕಡೆಗೆ ಹೋಗುತ್ತಿತ್ತು. ಈ ಕಟ್ಟಳೆ ಹೆಂಗಸರದು, ಅನುಸೂಯಾಳದಲ್ಲ. ಆದರೆ ಅದನ್ನು ನಡೆಸಿಕೊಟ್ಟವಳು ಅವಳೇ. ಭೀಮವ್ವ ಸತ್ಯ ಬಚ್ಚಿಟ್ಟದ್ದು ಗಿರಣಿ ಅಕ್ಕನಿಗೆ ಹೆದರಿ ಎಂಬುದು ಅವಳಿಗೆ ಆಗ ತಿಳಿಯಿತು. ಸಮಾಧಾನ ಹೇಳಲು ಅವಳಿಗೆ ಬರುತ್ತಿರಲಿಲ್ಲ.

“ನಾಳಿ ಕೆಲಸಕ್ಕ ಹೋಗಬ್ಯಾಡ. ಮುಂಜಾನೆ ಏಳಕ್ಕ ತಯಾರಾಗಿರು,” ಎಂದಳು. “ನೀ ಗುಳಗಿ ಬಿಟ್ಟಿ ಅಂದೆ. ನನ್ನ ತಪ್ಪು.”

ಶನಿವಾರ ಗಿರಣಿಯ ಬಾಗಿಲು ತೆರೆಯಲಿಲ್ಲ. ಆಸ್ಪತ್ರೆಯಲ್ಲಿ ಮೂತ್ರದ ಲೋಟ ನೋಡಿದ ನರ್ಸ್, ಇದು ಟಿಬಿ ಔಷಧದ್ದು ಎಂದು ಕೇಳದೆಯೇ ಹೇಳಿದಳು. ಪರೀಕ್ಷೆಯಲ್ಲಿ ಬಸಿರು ಕಾಣಲಿಲ್ಲ. ಅನುಸೂಯಾ ಉಸಿರು ಬಿಡುವಷ್ಟರಲ್ಲಿ ಡಾಕ್ಟರಮ್ಮ ಬೆರಳೆತ್ತಿದರು. ಇಷ್ಟು ಬೇಗ ಪೂರ್ತಿ ನಂಬಲಾಗದು, ಮುಟ್ಟು ಬರದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಬೇಕು. ಟಿಬಿ ಔಷಧವನ್ನು ಒಂದು ದಿನವೂ ನಿಲ್ಲಿಸಕೂಡದು. ಗರ್ಭತಡೆಯ ಗುಳಿಗೆಯನ್ನು ಮಾತ್ರ ನಂಬಬೇಡಿ. ಟಿಬಿ ಔಷಧ ಮುಗಿದು ಇನ್ನೂ ಒಂದು ತಿಂಗಳು ದಾಟುವವರೆಗೆ ಅದರಿಂದ ರಕ್ಷಣೆಯಿಲ್ಲ. ತಾಂಬಿಗೂ ಆ ಔಷಧಕ್ಕೂ ಜಗಳವಿಲ್ಲ, ಮುಟ್ಟು ಬಂದ ಕೂಡಲೇ ಹಾಕುತ್ತೇವೆ. ಅಲ್ಲಿಯವರೆಗೆ ನಿರೋಧ ಇಲ್ಲದೆ ಕೂಡಬಾರದು.

“ಆಕೀ ಗಂಡ ಗುರುವಾರ ಬರ್ತಾನ್ರಿ,” ಎಂದಳು ಅನುಸೂಯಾ.

“ಹಾಗಾದರೆ ಗುರುವಾರದೊಳಗೆ ಅವನಿಗೆ ಯಾರಾದರೂ ಹೇಳಬೇಕು,” ಎಂದರು ಡಾಕ್ಟರಮ್ಮ.

ಹಿಂದಿರುಗುವಾಗ ಬಸ್ಸಿನಲ್ಲಿ ಭೀಮವ್ವ ಒಂದೇ ಒಂದು ಮಾತು ಕೇಳಿದಳು. “ತಾಂಬಿ ಎದಿತನಾ ಏರ್ತದಂತ ಅವ್ವಮ್ಮ ಅಂತಿದ್ಳಲ್ರಿ?”

“ಅವ್ವಮ್ಮನ ಎದಿಗೆ ಏರಿದ್ದು ತಾಂಬಿ ಅಲ್ಲ, ಸೊಕ್ಕು. ಗರ್ಭದ ಚೀಲ ಬಿಟ್ಟು ಅದು ಎದಿಗೆ ಬರೂದಕ್ಕ ದಾರೀನ ಇಲ್ಲ. ನಿನಗ ಚಿತ್ರಾ ತೋರಸ್ತಾರ, ನೋಡು. ಒಲ್ಲೆ ಅನಸಿದ್ರ ಒಲ್ಲೆ ಅನ್ನು, ಬ್ಯಾರೆ ಹಾದಿ ಕೇಳೂಣು.”

ಸೋಮವಾರ ಆಗುವುದು ಆಯಿತು. ಅವ್ವಮ್ಮನ ಮೈದುನ ಸ್ವಾರಗೇಟಿನಲ್ಲಿ ಭೀಮವ್ವನನ್ನು ಕಂಡಿದ್ದ, ಯಾವ ಬಾಗಿಲಿನಿಂದ ಹೊರಬಂದಳೆಂದೂ ಕಂಡಿದ್ದ. ಸಂಜೆ ಗಿರಣಿಯ ಸಾಲಿನಲ್ಲಿ ಭೀಮವ್ವನ ಡಬ್ಬಿ ಮೂರನೆಯದಿತ್ತು. ಅವಳ ಹಿಂದೆ ನಿಂತಿದ್ದ ಅವ್ವಮ್ಮ ತನ್ನ ಡಬ್ಬಿ ಎತ್ತಿ ಬಗಲಿಗೆ ಇಟ್ಟುಕೊಂಡಳು.

“ಈಕೀಂದು ಕಡೀಗೆ ಇಡ್ರಿ ಅಕ್ಕಾರ. ಕೆಮ್ಮಿನ ಜಡ್ಡು ಹತ್ತೇದ ಈಕೀಗೆ. ನಾವು ಮಕ್ಕಳು ಮರಿ ಇದ್ದಾವ್ರು.”

ಭೀಮವ್ವ ಬಗ್ಗಿ ಡಬ್ಬಿಯ ಹಿಡಿಕೆಗೆ ಕೈ ಹಾಕಿದಳು.

“ಇಡು ಅದನ್ನ,” ಎಂದಳು ಅನುಸೂಯಾ. ಮೊದಲಿನ ಎರಡು ಡಬ್ಬಿ ಬೀಸಿ ಮುಗಿಸಿದಳು. ಭೀಮವ್ವನ ಜೋಳ ಸುರಿದು ಬೀಸಿದಳು, ಹಿಟ್ಟು ತುಂಬಿ ಕೊಟ್ಟಳು. ಆಮೇಲೆ ಒಳಗೆ ಹೋಗಿ ತನ್ನ ಮನೆಯ ಜೋಳದ ಪಾತ್ರೆ ತಂದು, ಕಲ್ಲು ಝಾಡಿಸದೆ, ಚೀಲ ಕೊಡವದೆ, ಹಾಗೆಯೇ ಗಿರಣಿಯ ಬಾಯಿಗೆ ಸುರಿದಳು. ಮೊದಲು ಬಿದ್ದ ಹಿಟ್ಟನ್ನು ಅಂಗೈಯಲ್ಲಿ ಹಿಡಿದು ನೋಡಿದಳು.

“ಇದು ನಮ್ಮನಿ ಇವತ್ತಿನ ರೊಟ್ಟಿ. ನನ್ನ ಮೂರು ಮಕ್ಕಳು ತಿಂತಾವು. ಜಡ್ಡು ಹಿಟ್ಟಿನಾಗ ಬರಂಗಿಲ್ಲ, ಔಷಧ ತಗೊಳ್ಳದಾವ್ರ ಕೆಮ್ಮಿನಾಗ ಬರ್ತದ. ಈಕೀ ಎರಡು ತಿಂಗಳಾತು ಔಷಧ ತಗೊಂಡು. ಇನ್ನ ಈಕೀ ಹಿಂದ ಬೀಸಸ್ಲಿಕ್ಕೆ ಒಲ್ಲೆ ಅನ್ನಾವ್ರು ನನ್ನ ಹಿಂದೂ ಒಲ್ಲೆ ಅನಬೇಕು. ಮುಂದಿನ ಡಬ್ಬಿ ಯಾರದು?”

ಅವ್ವಮ್ಮ ಡಬ್ಬಿ ಎತ್ತಿಕೊಂಡು ಹೋದಳು, ಅವಳ ಹಿಂದೆ ಇನ್ನಿಬ್ಬರು. ಅವರ ಹಿಂದಿದ್ದವಳು ತುಸು ಯೋಚಿಸಿ ತನ್ನ ಡಬ್ಬಿ ಮುಂದೆ ನೂಕಿದಳು. ಜೋಳಕ್ಕೆ ಬೇರೆ ಕಲ್ಲಿದ್ದ ಇನ್ನೊಂದು ಗಿರಣಿ ಇದ್ದುದು ಗುಡ್ಡದ ಆಚೆ. ಮಳೆಯಲ್ಲಿ ಎರಡು ದಿನ ಏರಿ ಇಳಿದ ಅವ್ವಮ್ಮ ಮೂರನೆಯ ದಿನ, “ಅಲ್ಲಿ ಹಿಟ್ಟು ಭಾಳ ದಪ್ಪ ಬೀಸ್ತಾರ,” ಎನ್ನುತ್ತ ಸಾಲಿಗೆ ಬಂದು ನಿಂತಳು. ಅನುಸೂಯಾ ಅವಳ ಜೋಳ ಇಸಿದುಕೊಂಡು ಬೀಸಿ ಕೊಟ್ಟಳು.

ಫಕೀರಪ್ಪನಿಗೆ ಹೇಳುವ ಕೆಲಸವನ್ನು ಅವಳು ಸದಾನಂದನಿಗೆ ವಹಿಸಿದಳು. ಗಂಡಸಿನ ಜೊತೆ ಗಂಡಸೇ ಮಾತಾಡಲಿ ಎಂದು. ಬುಧವಾರ ಸಂಜೆಯೇ ಬಂದಿದ್ದ ಫಕೀರಪ್ಪನನ್ನು ಸದಾನಂದ ಗಿರಣಿಯ ಕಟ್ಟೆಗೆ ಕರೆದು ಕೂರಿಸಿದ. ಒಳಗೆ ಹಿಟ್ಟು ಸೋಸುತ್ತಿದ್ದ ಅನುಸೂಯಾ ಕೈ ನಿಲ್ಲಿಸಿದಳು.

“ಕುರಕುಂಭದಾಗ ಕೈಗೆ ರಬ್ಬರ ಚೀಲ ಹಾಕ್ಕೊಂಡ ಕೆಲಸ ಮಾಡ್ತೀರೇನಪಾ?”

“ಹೌದ್ರಿ. ಆಸಿಡ್ ಸಿಡದ್ರ ಚರ್ಮಾ ಸುಲೀತದ.”

“ಹಾಕ್ಕೊಳ್ಳಾಕ ಬ್ಯಾಸರ ಆಗಂಗಿಲ್ಲ?”

“ಬ್ಯಾಸರಾದ್ರ ಏನ ಮಾಡೂದ್ರಿ, ಕೈ ಬೇಕಲ್ಲ.”

“ಹೇಂತಿನೂ ಬೇಕಲ್ಲ.” ಸದಾನಂದ ನಿರೋಧದ ಪೊಟ್ಟಣ ಅವನ ಕಿಸೆಗೆ ತುರುಕಿದ. “ಆಕೀಗೆ ತಾಂಬಿ ಬೀಳೂತನ ಇದಿಲ್ಲದ ಮಗ್ಗುಲಿಗೆ ಹೋಗಬ್ಯಾಡ. ನಾ ಆಪರೇಷನ್ ಮಾಡಿಸ್ಕೊಂಡಾಂವ, ನನ್ನೇನ್ ನೋಡ್ತಿ? ಗಟ್ಟಿ ಅದೀನಿ ಇಲ್ಲ?”

ಫಕೀರಪ್ಪ ತಲೆ ಕೆರೆದುಕೊಂಡ. “ನಮ್ಮವ್ವ ಕೇಳಿದ್ರ?”

“ನಿಮ್ಮವ್ವ ಬಂದು ನಿನ್ನ ಕಿಸೆ ನೋಡ್ತಾಳೇನು?”

ಅವನು ಮೊದಲ ಸಲ ನಕ್ಕ. ಪೊಟ್ಟಣವನ್ನು ಕಿಸೆಯ ಇನ್ನೂ ಒಳಕ್ಕೆ ತಳ್ಳಿಕೊಂಡು, “ಆಕೀ ಉಳದ್ರ ಸಾಕ್ರಿ ಅಣ್ಣಾರ,” ಎಂದು ಎದ್ದು ಹೋದ.

ಆ ವಾರ ಅನುಸೂಯಾ ಸರಿಯಾಗಿ ಉಣ್ಣಲಿಲ್ಲ. ದಿನಕ್ಕೆರಡು ಸಲ ಭೀಮವ್ವನ ಮುಖ ನೋಡುವಳು, ಭೀಮವ್ವ ಇಲ್ಲವೆಂದು ತಲೆಯಾಡಿಸುವಳು. ಗುರುವಾರ ಮಧ್ಯಾಹ್ನ ಕೆಲಸದ ಜಾಗದಿಂದ ನೇರ ಗಿರಣಿಗೆ ಬಂದ ಭೀಮವ್ವ ಹೊಸಿಲಲ್ಲಿ ನಿಂತು, “ಬಂತ್ರಿ,” ಎಂದಳು. ಮೈಗೆಲ್ಲ ಸಿಮೆಂಟಿನ ಬೂದಿ. ಅನುಸೂಯಾ ಕೈಯಲ್ಲಿದ್ದ ಅಳತೆಯ ಡಬ್ಬಿ ಕೆಳಗಿಟ್ಟು, ಒಂದು ಚೊಂಬು ನೀರು ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಎದುರಿಗೇ ಕುಳಿತಿದ್ದಳು.

ಶುಕ್ರವಾರ ಆಸ್ಪತ್ರೆಗೆ ಹೋದರು. ಮೊದಲು ಮತ್ತೊಮ್ಮೆ ಪರೀಕ್ಷೆ, ಬಸಿರಿಲ್ಲ. ಭೀಮವ್ವ ಚಿತ್ರ ನೋಡಿದಳು, ತಾಂಬಿಯನ್ನು ಬೆರಳ ಮೇಲಿಟ್ಟುಕೊಂಡು ತಿರುಗಿಸಿ ನೋಡಿದಳು, ಆಗಲಿ ಎಂದಳು. ಅರ್ಧ ಗಂಟೆಯಲ್ಲಿ ಹೊರಗೆ ಬಂದಳು.

“ನೋವಾತೇನು?”

“ಒಂದೀಟು. ಬುಟ್ಟಿ ಹೊತ್ತಷ್ಟಿಲ್ರಿ. ಇವತ್ತ ಶುಕ್ರಾರ, ನಾ ಸ್ವಾರಗೇಟಿಗೆ ಹೋಗಬೇಕು.”

“ನಡಿ, ನಾನೂ ಬರ್ತೀನಿ.”

ಟಿಬಿ ಕೇಂದ್ರದ ಕಿಟಕಿಯ ಮುಂದೆ ಏಳೆಂಟು ಜನರ ಸಾಲು. ಭೀಮವ್ವನ ಸರದಿ ಬಂತು. ಒಳಗಿದ್ದ ಮರಾಠಿ ಹೆಂಗಸು ಗುಳಿಗೆ ಅಂಗೈಗೆ ಹಾಕಿ, ನೀರು ಕೊಟ್ಟು, ನುಂಗಿದ್ದನ್ನು ನೋಡಿ ಕಾರ್ಡಿನಲ್ಲಿ ಗುರುತು ಹಾಕಿದಳು. ಅನುಸೂಯಾ ಕಿಟಕಿಗೆ ಮುಖ ತಂದು, ತನಗೆ ಬರುವ ಗಟ್ಟಿ ಮರಾಠಿಯಲ್ಲಿ ಕೇಳಿದಳು. ಔಷಧ ಶುರುಮಾಡುವಾಗ ಹೆಂಗಸರಿಗೆ ಗರ್ಭತಡೆಯ ಗುಳಿಗೆ ತಗೊಳ್ಳುತ್ತೀರಾ ಎಂದು ಕೇಳುತ್ತೀರಾ?

ಕೇಳಿದ್ದೆ, ಇವಳು ಇಲ್ಲ ಎಂದಿದ್ದಳು, ಎಂದಳು ಒಳಗಿನವಳು. ಅನುಸೂಯಾ ಭೀಮವ್ವನ ಕಡೆ ತಿರುಗಿದಳು. ಭೀಮವ್ವ ತಲೆ ತಗ್ಗಿಸಿದಳು. “ಅಲ್ಲಿ ಇದನ್ನ ಮುಚ್ಚಿಟ್ಟೆ, ಇಲ್ಲಿ ಅದನ್ನ ಮುಚ್ಚಿಟ್ಟೆ ಅಕ್ಕಾರ. ಎರಡೂ ಗಂಟಲದಾಗ ಹೋಗಿ ಒಂದ ಕಡೆ ಕೂಡ್ತಾವಂತ ನನಗೇನ ಗೊತ್ತ್ರಿ.”

ಬೈಯಲು ಬಾಯಿಗೆ ಬಂದದ್ದನ್ನು ಅನುಸೂಯಾ ನುಂಗಿಕೊಂಡಳು. ಮತ್ತೆ ಕಿಟಕಿಗೆ ಬಾಗಿ ಹೇಳಿದಳು. “ಇನ್ನು ಮೇಲೆ ಬರೀ ಕೇಳಬೇಡಿ, ತಾಯೀ. ಯಾಕೆ ಕೇಳುತ್ತಿದ್ದೇನೆ ಅಂತ ಮೊದಲು ಹೇಳಿ. ಬಿಬವೇವಾಡಿ ಕಡೆಯ ಕನ್ನಡದವರು ಬಂದರೆ ಗಿರಣಿಗೆ ಕಳಿಸಿ. ನಾನೂ ಅಲ್ಲಿ ಹಾಗೇ ಕೇಳಿ, ನಿಮ್ಮ ಹತ್ತಿರ ಕಳಿಸುತ್ತೇನೆ.”

ಒಳಗಿನವಳು ಹಳೆಯ ಕಾರ್ಡೊಂದರ ಹಿಂಬದಿಯಲ್ಲಿ ಗಿರಣಿಯ ವಿಳಾಸ ಬರೆದುಕೊಂಡಳು. ಭೀಮವ್ವ ನವೆಂಬರಿಗೆ ಔಷಧ ಮುಗಿಸಿದಳು, ಕಫ ಸ್ವಚ್ಛ ಬಂತು. ತಾಂಬಿ ತೆಗೆಸಲಿಲ್ಲ. ಆ ಕಿಟಕಿಯಿಂದ ಚೀಟಿ ಹಿಡಿದು ಗಿರಣಿಗೆ ಬಂದ ಮೊದಲ ಹೆಂಗಸು ಆ ಆಗಸ್ಟಿನಲ್ಲೇ ಬಂದಳು. ಅನುಸೂಯಾ ಮೋಟಾರು ಹಚ್ಚಿ ಅವಳನ್ನು ಹತ್ತಿರ ಕೂರಿಸಿಕೊಂಡಾಗ, ಹೆದರಬೇಡ ಎಂದು ಹೇಳುವುದಕ್ಕೆ ಭೀಮವ್ವ ತಾನೇ ಪಕ್ಕದಲ್ಲಿ ಬಂದು ಕುಳಿತಳು.